ಎಮ್ಮೆ ಪುಸ್ತಕದ ಮೂಲೆ

ಆ ದಿನ ನಮ್ಮ ಮನೆಯಲ್ಲಿ ದೊಡ್ಡವರೆಲ್ಲ ಫೋಟೋ ಹಿಡಿಸಿಕೊಳ್ಳಲು ಹೊರಟಿದ್ದರು. ಓಟಿನ ಗುರುತಿನ ಚೀಟಿ ಮಾಡಿಕೊಡುತ್ತಾರೆ, ಎಲ್ಲರೂ ಶಾಲೆಯ ಹತ್ತಿರ ಬರಬೇಕು ಎಂದು ಹಿಂದಿನ ಸಂಜೆ ಆಟೋಗೆ ಮೈಕು ಕಟ್ಟಿಕೊಂಡು ಹೊಳಲ್ಕೆರೆಯ ಬೀದಿಬೀದಿಯಲ್ಲೂ ಕೂಗಿ ಹೋಗಿದ್ದರು. ಅಪ್ಪ ಖಾಸಗಿ ಬಸ್ಸಿನ ಕಂಡಕ್ಟರು. ಚಿತ್ರದುರ್ಗಕ್ಕೂ ಹೊಸದುರ್ಗಕ್ಕೂ ನಡುವೆ ದಿನವಿಡೀ ಓಡಾಡುವವನು ಅವತ್ತು ರಜೆ ಹಾಕಿ ಮನೆಯಲ್ಲಿದ್ದ. ಅಪ್ಪನ ತಾಯಿ, ನಮ್ಮಜ್ಜಿ, ಹಣೆಗೆ ವಿಭೂತಿ ಬಳಿದುಕೊಂಡು ಆಗಲೇ ಜಗುಲಿಯ ಮೇಲೆ ಕುಳಿತಿದ್ದಳು. ಅವ್ವ ಟ್ರಂಕಿನ ಹಸಿರು ಸೀರೆ ಉಟ್ಟು, ಅಡುಗೆಮನೆಯ ಕಿಟಕಿಗೆ ಒರಗಿಸಿದ್ದ ಸಣ್ಣ ಕನ್ನಡಿಯಲ್ಲಿ ಕುಂಕುಮ ತಿದ್ದಿಕೊಳ್ಳುತ್ತಿದ್ದಳು. ನನ್ನ ತಮ್ಮ ಗಿರಿಗೆ ಆಗ ಮೂರನೆಯ ವರ್ಷ ನಡೆಯುತ್ತಿತ್ತು. ಅವನು ಪಡಸಾಲೆಯ ನೆಲದ ಮೇಲೆ ಕಾಲು ಚಾಚಿ ಕುಳಿತು, ತಟ್ಟೆಯಲ್ಲಿದ್ದ ರಾಗಿ ಮುದ್ದೆಯನ್ನು ಚಿವುಟಿ, ಅವರೆಕಾಳಿನ ಸಾರಿಗೆ ಅದ್ದಿ, ಪುಸ್ತಕದ ಎಮ್ಮೆಗೆ ತಿನ್ನಿಸುತ್ತಿದ್ದ. ಎಮ್ಮೆ ತಿನ್ನದೆ ಇದ್ದುದಕ್ಕೆ ಸಿಟ್ಟು ಬಂದು ಪುಸ್ತಕದ ಮೂಲೆಯನ್ನು ಕಚ್ಚಿದ. ಕಚ್ಚುವುದು ಅವನ ದಿನನಿತ್ಯದ ಕೆಲಸ. ದಪ್ಪ ರಟ್ಟಿನ ಆ ಪುಸ್ತಕದ ಕೆಳಗಿನ ಮೂಲೆಯಲ್ಲಿ ಅವನ ಹಲ್ಲಿನ ಸಾಲು ಅಚ್ಚಾಗಿ ಕೂತಿತ್ತು, ಹಿಟ್ಟಿನ ಮೇಲೆ ಒತ್ತಿದ ಹಾಗೆ.

ಶಾಲೆಯಲ್ಲಿ ಉದ್ದ ಸಾಲು. ಬಿಳಿ ಬಟ್ಟೆ ಕಟ್ಟಿದ ಗೋಡೆಯ ಮುಂದೆ ಒಂದು ಸ್ಟೂಲು, ಎದುರಿಗೆ ಕ್ಯಾಮೆರಾ. ಅವ್ವನ ಸರದಿ ಬಂದಾಗ ಗಿರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಕುಳಿತಳು. ಕ್ಯಾಮೆರಾದವನು ತಲೆ ಎತ್ತಿದ.

"ಮಗೂನ ಆ ಕಡೆ ಕೊಡ್ರಮ್ಮ. ಕಾರ್ಡಿಗೆ ಒಬ್ರೇ ಇರ್ಬೇಕು."

"ಇರ್ಲಿ ಬಿಡ್ರಿ, ಸುಮ್ನೆ ಕುಂತೈತೆ."

"ಅದ್ಕೂ ಓಟು ಐತೇನ್ರಿ?"

ಸಾಲಿನಲ್ಲಿದ್ದವರು ನಕ್ಕರು. "ಹಾಕ್ಸಿಬಿಡಪ್ಪ, ನಮ್ಗಿಂತ ಚೆನ್ನಾಗಿ ಒತ್ತುತ್ತೆ" ಎಂದು ಯಾರೋ ಹಿಂದಿನಿಂದ ಕೂಗಿದರು. ಅವ್ವ ಏಳಲಿಲ್ಲ. ಒಂದು ಗಳಿಗೆ ಹಾಗೇ ಕುಳಿತಿದ್ದಳು. ಅವಳ ಮನಸ್ಸಿನಲ್ಲಿ ಏನಿತ್ತು ಎಂಬುದು ನನಗೆ ಈಗ ಗೊತ್ತು, ಆಗ ಗೊತ್ತಿರಲಿಲ್ಲ. ಅಷ್ಟರಲ್ಲಿ ಅಜ್ಜಿ ಸಾಲು ಬಿಟ್ಟು ಬಂದು ಗಿರಿಯ ರಟ್ಟೆ ಹಿಡಿದಳು.

"ಕೊಡೇ ಇತ್ಲಾಗೆ. ಜವಳ ಆಗ್ದಿರೋ ಕೂಸನ್ನ ಫೋಟೋ ಹಿಡಿಸ್ತಾರೇನೇ? ತಲೆ ನೆಟ್ಟಗೈತಾ ನಿಂಗೆ?"

ಅಜ್ಜಿ ಅವನನ್ನು ಎತ್ತಿಕೊಂಡು ಎರಡು ಹೆಜ್ಜೆ ಪಕ್ಕಕ್ಕೆ ಸರಿದಳು. ಅವನು ಅತ್ತ. ಅವ್ವ ಅವನ ಕಡೆ ನೋಡಿದಳು. ಆಗಲೇ ಕ್ಯಾಮೆರಾ ಕ್ಲಿಕ್ಕೆಂದಿತು. ಮನೆಗೆ ಬರುತ್ತಾ ದಾರಿಯಲ್ಲಿ ಅಪ್ಪ ಎಲ್ಲರಿಗೂ ಮಂಡಕ್ಕಿ ಮೆಣಸಿನಕಾಯಿ ಕೊಡಿಸಿದ. ಗಿರಿ ಮೆಣಸಿನಕಾಯಿಯ ಹಿಟ್ಟನ್ನು ಮಾತ್ರ ಕಿತ್ತು ತಿಂದು, ಖಾರ ಹತ್ತಿ, ಅವ್ವನ ಹಸಿರು ಸೀರೆಗೆ ಬಾಯಿ ಒರೆಸಿದ. ನಮ್ಮ ಮನೆಯ ಕೊನೆಯ ಸಾಮಾನ್ಯ ದಿನ ಅದು. ಮರುದಿನ ಅವನಿಗೆ ಜ್ವರ ಬಂತು.

ಜವಳ ಎಂದರೆ ಮಗುವಿನ ಹುಟ್ಟುಗೂದಲು ತೆಗೆಸುವುದು. ನಮ್ಮಲ್ಲಿ ಮೊದಲ ಕೂದಲಿಗೆ ಕತ್ತರಿ ಹಾಕಬೇಕಾದವನು ಸೋದರಮಾವ. ಅದು ಆಗುವ ತನಕ ಮಗುವಿನ ಫೋಟೋ ಹಿಡಿಸಬಾರದು ಎನ್ನುವುದು ಅಜ್ಜಿಯ ಕಟ್ಟು. ಊರಿನ ಎಲ್ಲ ಮನೆಗಳಲ್ಲೂ ಈ ಕಟ್ಟು ಇರಲಿಲ್ಲ, ನಮ್ಮ ಮನೆಯಲ್ಲಿತ್ತು. ಗಿರಿಯ ಜವಳ ಮೊದಲ ವರ್ಷವೇ ಆಗಬೇಕಿತ್ತು. ಆಗದೆ ಉಳಿದದ್ದಕ್ಕೆ ಕಾರಣ ಒಂದು ಲಗ್ನಪತ್ರಿಕೆ. ಅವ್ವನ ಅಣ್ಣ ಹೊಸದುರ್ಗದ ಹತ್ತಿರದ ಹಳ್ಳಿಯವನು. ಅವನ ತಮ್ಮನ ಮದುವೆ ಗೊತ್ತಾದಾಗ ಕರೆಯಬೇಕಾದ ಮನೆಗಳು ಬಹಳ, ದಿನ ಕಡಿಮೆ. ಅಪ್ಪನ ಬಸ್ಸು ದಿನವೂ ಅವನ ಊರಿಗೆ ತಿರುಗುವ ಗೇಟಿನ ಮುಂದೆಯೇ ಹೋಗುತ್ತದಲ್ಲ ಎಂದುಕೊಂಡು, ಒಂದು ಬೆಳಗ್ಗೆ ಬಸ್ಸಿನ ಮೆಟ್ಟಿಲು ಹತ್ತಿ, ಟಿಕೆಟ್ ಹರಿಯುತ್ತಿದ್ದ ಅಪ್ಪನ ಕೈಗೆ ಪತ್ರಿಕೆ ತುರುಕಿ, "ಭಾವ, ಮದ್ವೆ ಐತೆ, ಎಲ್ರೂ ಬರ್ರಿ" ಎಂದು ಇಳಿದುಬಿಟ್ಟ. ಹೊಸ್ತಿಲು ದಾಟಿ ಬಂದು, ಅರಿಶಿನ ಕುಂಕುಮ ಇಟ್ಟು ಕರೆಯಬೇಕಾದ ಮನೆಯ ಅಳಿಯನನ್ನು ಬಸ್ಸಿನ ಮೆಟ್ಟಿಲ ಮೇಲೆ ಕರೆದಿದ್ದ.

"ಚಿಲ್ರೆ ಕೊಟ್ಟಂಗೆ ಕೊಟ್ಟ ಕಣೇ ನಿಮ್ಮಣ್ಣ. ಡ್ರೈವರು ನಗ್ತಿದ್ದ. ಪ್ಯಾಸೆಂಜರೆಲ್ಲಾ ನೋಡ್ತಿದ್ರು."

"ತಿಳೀದೆ ಮಾಡಿರ್ಬೋದು ಕಣ್ರಿ, ಬಿಟ್ಟಾಕ್ರಿ."

"ತಿಳೀದೆ ಮಾಡೋಕೆ ಅವ್ನೇನು ಗಿರೀನಾ?"

ಅಪ್ಪ ಮದುವೆಗೆ ಹೋಗಲಿಲ್ಲ, ಅವ್ವನನ್ನೂ ಕಳಿಸಲಿಲ್ಲ. ಒಡಹುಟ್ಟಿದ ತಮ್ಮನ ಮದುವೆಯ ದಿನ ಅವ್ವ ಒರಳಿನ ಮುಂದೆ ಕುಳಿತು ಚಟ್ನಿ ರುಬ್ಬಿದಳು. ಆಮೇಲೆ ಜವಳದ ಮಾತು ಬಂದಾಗಲೆಲ್ಲ ಅಪ್ಪ "ಅವ್ನೇ ಬಂದು ಕೇಳ್ಲಿ" ಎನ್ನುತ್ತಿದ್ದ. ಮಾವ "ಭಾವ ಬಂದು ಕರೀಲಿ" ಎಂದು ಹೇಳಿಕಳಿಸುತ್ತಿದ್ದ. ಅಪ್ಪನ ಬಸ್ಸು ಮಾತ್ರ ದಿನವೂ ಮಾವನ ಊರಿನ ಗೇಟಿನಲ್ಲಿ ನಿಂತು ಜನ ಹತ್ತಿಸಿಕೊಂಡು ಹೋಗುತ್ತಿತ್ತು. ಒಂದನೆಯ ವರ್ಷ ಹೋಯಿತು. ಎರಡರಲ್ಲಿ ಮಾಡಬಾರದು, ಬೆಸ ವರ್ಷವೇ ಆಗಬೇಕು. ಗಿರಿಯ ಕೂದಲು ಹೆಗಲಿಗೆ ಬಂತು. ಅವ್ವ ಅದಕ್ಕೆ ಎರಡು ಜಡೆ ಹಾಕಿ ನನ್ನ ಹಳೆಯ ರಿಬ್ಬನ್ ಕಟ್ಟುತ್ತಿದ್ದಳು. ಬೀದಿಯಲ್ಲಿ ಹೋಗುವವರು ಹೆಣ್ಣುಮಗು ಎಂದುಕೊಂಡು ಮಾತಾಡಿಸಿದರೆ ಅವನು ಚಡ್ಡಿ ಇಳಿಸಿ ತೋರಿಸುತ್ತಿದ್ದ.

ನಮ್ಮ ಮನೆಗೆ ಪ್ರಾಣಿಗಳ ಪುಸ್ತಕಗಳು ಬಂದದ್ದೂ ಅಪ್ಪನ ಬಸ್ಸಿನಿಂದಲೇ. ಚಿತ್ರದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಪುಸ್ತಕ ಮಾರುವ ಸಾಬರೊಬ್ಬರಿದ್ದರು. ತೋಳಿನ ಮೇಲೆ ಪುಸ್ತಕ ಜೋಡಿಸಿಕೊಂಡು ಬಸ್ಸು ಹತ್ತಿ ಕೂಗುತ್ತಿದ್ದರು.

"ಆನೆ ಐತೆ, ಒಂಟೆ ಐತೆ, ಕಚ್ಚದ ಹುಲಿ ಐತೆ, ಒದೆಯದ ಕತ್ತೆ ಐತೆ! ಮೇವು ಹಾಕಂಗಿಲ್ಲ, ಸಗಣಿ ಬಾಚಂಗಿಲ್ಲ! ಮಕ್ಳು ಇರೋರು ತಗಳ್ರಿ, ಇಲ್ದೋರು ನೋಡಿ ಕೊಡ್ರಿ!"

ಅಪ್ಪ ಅವರಿಗೆ ಟಿಕೆಟ್ ಕೇಳದೆ ಮುಂದಿನ ಸ್ಟಾಪಿನವರೆಗೆ ಬಿಡುತ್ತಿದ್ದ. ಅವರು ಬಣ್ಣ ಸರಿದ, ಅಂಚು ಸೊಟ್ಟಗೆ ಕತ್ತರಿಸಿದ ಪುಸ್ತಕ ಸಿಕ್ಕಾಗ ಅಪ್ಪನ ಸೀಟಿನ ಮೇಲೆ ಇಟ್ಟು ಇಳಿಯುತ್ತಿದ್ದರು. ರಾತ್ರಿ ಊಟಕ್ಕೆ ಕುಳಿತಾಗ ಅಪ್ಪ ಚರ್ಮದ ಚೀಲದಿಂದ ಪುಸ್ತಕ ತೆಗೆಯುವಾಗಿನ ಅವನ ಮುಖ ನನಗೆ ನೆನಪಿದೆ. ಆ ಮುಖವನ್ನು ಪ್ರೀತಿಸಿದ್ದೆ ಎಂಬುದನ್ನು ಬಚ್ಚಿಡುವುದಿಲ್ಲ. ಹಟದಲ್ಲಿ ಮಗನ ಕೂದಲು ಬೆಳೆಸಿದ ಮನುಷ್ಯನೂ ಅವನಿಗಾಗಿ ಪುಸ್ತಕ ತಂದ ಮನುಷ್ಯನೂ ಒಬ್ಬನೇ. ಎರಡನ್ನೂ ಕೂಡಿಸಿ ಲೆಕ್ಕ ಚುಕ್ತಾ ಮಾಡಲು ನನಗೆ ಇವತ್ತಿಗೂ ಆಗಿಲ್ಲ, ಮಾಡುವ ಮನಸ್ಸೂ ಇಲ್ಲ.

ಬಂದ ಪುಸ್ತಕ ಗಿರಿಯ ಕೈಗೆ ಹೋಗುವ ಮೊದಲು ಅವ್ವನ ಕೈ ದಾಟಬೇಕಿತ್ತು. ಅವ್ವ ಏಳನೆಯ ತರಗತಿಯವರೆಗೆ ಓದಿದವಳು. ಒಲೆಯ ಮುಂದೆ ಕುಳಿತು ಒಂದೊಂದೇ ಹಾಳೆ ತಿರುವಿ, "ಇದು ಈಗ ಬ್ಯಾಡ, ಇದು ಈಗ ಇರ್ಲಿ" ಎಂದು ಬೇರೆ ಮಾಡುತ್ತಿದ್ದಳು. ಕೋಟು ಟೋಪಿ ಹಾಕಿಕೊಂಡ ಕರಡಿ, ಛತ್ರಿ ಹಿಡಿದ ಮೊಲ ಇದ್ದರೆ ಪಕ್ಕಕ್ಕೆ. ಪ್ರಾಣಿಯ ಕಾಲು ಹಾಳೆಯ ಆಚೆಗೆ ಹೋಗಿ ಕಾಣದಂತಿದ್ದರೆ ಅದೂ ಪಕ್ಕಕ್ಕೆ, ಏಕೆಂದರೆ ಗಿರಿ ಕಾಲುಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದ, ಕಡಿಮೆ ಇದ್ದರೆ ಅಳುತ್ತಿದ್ದ. ಅಪ್ಪ ಒಂದು ಸಲ ಬಣ್ಣಬಣ್ಣದ ಜಿರಾಫೆ ಪುಸ್ತಕ ತಂದು, ಅದನ್ನು ಅವ್ವ ಬದಿಗಿಟ್ಟಾಗ ಕೆರಳಿದ.

"ಎಮ್ಮೇನ ಬೀದೀಲಿ ದಿನಾ ನೋಡ್ತಾನಲ್ಲೇ, ಪುಸ್ತಕದಾಗೂ ಎಮ್ಮೇನೇ ಯಾಕೆ?"

"ದಿನಾ ನೋಡ್ತಾನೆ ಅಂತ್ಲೇ ಕಣ್ರಿ. ಮನೆ ಮುಂದೆ ನಿಂತಿರೋದು ಪುಸ್ತಕದಾಗೆ ಸಿಕ್ಕಿದ್ರೆ ಕೂಸು ನಗುತ್ತೆ. ಆಮ್ಯಾಲೆ ಪುಸ್ತಕದಾಗಿರೋದನ್ನ ತಾನೇ ಹೊರಗೆ ಹುಡುಕ್ಕಂಡು ಹೋಗುತ್ತೆ."

ಎಮ್ಮೆ ಪುಸ್ತಕ ಅವ್ವನ ಲೆಕ್ಕಕ್ಕೆ ಎಲ್ಲದರಲ್ಲೂ ಸರಿಯಾಗಿತ್ತು. ಹಾಳೆಗೊಂದು ಪ್ರಾಣಿ. ಎಮ್ಮೆ, ಕತ್ತೆ, ಕೋಳಿ, ಆಡು, ನಾಯಿ, ಬೆಕ್ಕು. ಪ್ರತಿಯೊಂದರ ಕೆಳಗೂ ಒಂದೇ ಬಗೆಯ ಸಾಲು. ಎಮ್ಮೆ ಬಂತು, ನೀರು ಕುಡಿಯಿತು, ಹೋಯಿತು. ಕೋಳಿ ಬಂತು, ನೀರು ಕುಡಿಯಿತು, ಹೋಯಿತು. ನಾನು ಶಾಲೆಯಿಂದ ಬಂದು ಚೀಲ ಇಡುವುದರೊಳಗೆ ಗಿರಿ ಪುಸ್ತಕ ಎಳೆದುಕೊಂಡು ಬರುತ್ತಿದ್ದ. ನಾನು "ಎಮ್ಮೆ ಬಂತು, ನೀರು ಕುಡೀತು" ಎಂದು ನಿಲ್ಲಿಸಬೇಕು. ಅವನು "ಹೋತು" ಎಂದು ಕಿರುಚಬೇಕು. ಅಕ್ಷರ ಒಂದೂ ತಿಳಿಯದ ಹುಡುಗ ಪುಸ್ತಕದ ಕಡೆಯ ಪದವನ್ನು ಎಲ್ಲ ಹಾಳೆಯಲ್ಲೂ ಓದುತ್ತಿದ್ದ. ಓದಿದ ಸಂತೋಷಕ್ಕೆ ಮೂಲೆ ಕಚ್ಚುತ್ತಿದ್ದ.

ಜ್ವರ ತಲೆಗೆ ಏರಿತು. ಚಿತ್ರದುರ್ಗಕ್ಕೆ ಕರೆದುಕೊಂಡು ಹೋದರು. ಅಪ್ಪ ತಾನು ಕೆಲಸ ಮಾಡುವ ಬಸ್ಸಿನಲ್ಲೇ ಮಗನನ್ನು ಮಡಿಲಲ್ಲಿಟ್ಟುಕೊಂಡು ಹೋದ. ಅದೇ ಬಸ್ಸು ಮರುದಿನ ಸಂಜೆ ಜನರನ್ನೆಲ್ಲ ಬೇರೆ ಬಸ್ಸಿಗೆ ಹತ್ತಿಸಿ, ಖಾಲಿಯಾಗಿ, ನಮ್ಮ ಬೀದಿಯ ತುದಿಗೆ ಬಂದು ನಿಂತಿತು. ಇದಕ್ಕಿಂತ ಹೆಚ್ಚು ಆ ಎರಡು ದಿನಗಳ ಬಗ್ಗೆ ನಾನು ಬರೆಯಲಾರೆ.

ಮಾವ ಬಂದ. ಸಾವಿಗೆ ಯಾರೂ ಕರೆಯಬೇಕಾಗಿಲ್ಲ, ಅರಿಶಿನ ಕುಂಕುಮ ಬೇಕಾಗಿಲ್ಲ. ಬಾಗಿಲಲ್ಲಿ ನಿಂತು ಅಪ್ಪನ ಮುಖ ನೋಡಿದ. ಅಪ್ಪ ಗೋಡೆ ನೋಡಿದ. ಪಡಸಾಲೆಯಲ್ಲಿ ಚಾಪೆಯ ಮೇಲೆ ಗಿರಿಯನ್ನು ಮಲಗಿಸಿದ್ದರು. ಎರಡು ಜಡೆ, ಹಳೆಯ ರಿಬ್ಬನ್. ಅಜ್ಜಿ ಒಳಗೆ ಹೋಗಿ ಕತ್ತರಿ ತಂದಳು. ಅದನ್ನು ಮಾವನ ಕೈಗೆ ಇಟ್ಟಳು.

"ಹಂಗೇ ಕಳಿಸಬ್ಯಾಡ ಕಣಪ್ಪ. ಒಂದೆಳೆ ಕತ್ತರಿಸು."

ಮಾವ ಮಂಡಿಯೂರಿ ಕುಳಿತು ಒಂದು ಜಡೆಯ ತುದಿ ಕತ್ತರಿಸಿದ. ಎರಡು ವರ್ಷ ಯಾರೂ ಯಾರ ಮನೆಗೂ ಹೋಗದೆ ನಿಲ್ಲಿಸಿದ್ದ ಕೆಲಸ ಅಷ್ಟರಲ್ಲೇ ಮುಗಿಯಿತು. ನಾನು ಕಂಬದ ಹತ್ತಿರ ನಿಂತಿದ್ದೆ. ನನಗೆ ಆಗ ಹತ್ತು ವರ್ಷ ಇರಬೇಕು. ನನಗೆ ತೋಚಿದ್ದು ಒಂದೇ. ಈಗ ಜವಳ ಆಯಿತಲ್ಲ.

"ಅಜ್ಜಿ, ಈಗ ಫೋಟೋ ಹಿಡಿಸ್ಬೋದಾ?"

ಅಳುತ್ತಿದ್ದವರೆಲ್ಲ ಅಳುವುದನ್ನು ನಿಲ್ಲಿಸಿದರು. ಬಸ್‌ಸ್ಟ್ಯಾಂಡಿನ ಎದುರಿನ ಸ್ಟುಡಿಯೋ ನಮ್ಮ ಮನೆಯಿಂದ ಕೂಗಳತೆಯಲ್ಲಿತ್ತು. ಯಾರಾದರೂ ಒಬ್ಬರು ಎದ್ದು ಹೋಗಿದ್ದರೆ ಸಾಕಿತ್ತು.

"ಯಾರಾದ್ರೂ ಇವ್ಳನ್ನ ಒಳಗೆ ಕರ್ಕಂಡೋಗ್ರೋ" ಎಂದ ಅಪ್ಪ.

ಕತ್ತರಿಸಿದ ಕೂದಲನ್ನೂ ಅವನ ಜೊತೆಗೇ ಮಣ್ಣಿಗೆ ಇಟ್ಟರು.

ಮಣ್ಣು ಮಾಡಿದ ಜಾಗಕ್ಕೆ ಹಾಲುತುಪ್ಪ ಬಿಟ್ಟು ಬಂದ ಮರುದಿನದಿಂದ ಮನೆಯನ್ನು ಬರಿದು ಮಾಡುವ ಕೆಲಸ ಶುರುವಾಯಿತು. ಹೋದ ಮಗುವಿನ ವಸ್ತು ಮನೆಯಲ್ಲಿ ಉಳಿದರೆ ಮಗು ಬಾಗಿಲಲ್ಲೇ ನಿಲ್ಲುತ್ತದೆ ಎಂದು ಅಜ್ಜಿ ನಂಬಿದ್ದಳು. ಅಂಗಿ, ಚಡ್ಡಿ, ಕುಲಾವಿ, ಗಿಲಕಿ, ತೊಟ್ಟಿಲ ಬಟ್ಟೆ ಎಲ್ಲವೂ ಕೆರೆಯ ದಂಡೆಗೆ ಹೋದವು. ಪುಸ್ತಕಗಳು ಉಳಿದವು.

"ಇವುನ್ನ ಏನ್ ಮಾಡ್ತೀಯ? ಸುಡಂಗಿಲ್ಲ, ಬಿಸಾಕಂಗಿಲ್ಲ, ಸರಸ್ವತಿ. ಮನೇಲಿ ಇಟ್ಕಳಂಗೂ ಇಲ್ಲ."

ಅಜ್ಜಿ ಹೀಗೆ ಕೇಳಿದ್ದಕ್ಕೆ ಅವ್ವ ಎದ್ದಳು. ಪುಸ್ತಕಗಳನ್ನೆಲ್ಲ ಸೆರಗಿನಲ್ಲಿ ತುಂಬಿಕೊಂಡು ಜಗುಲಿಗೆ ಹೋಗಿ ಕುಳಿತಳು. ಶಾಲೆ ಬಿಟ್ಟು ಮಕ್ಕಳು ಬೀದಿಗೆ ಬರುವ ಹೊತ್ತು. ಅವ್ವ ಒಬ್ಬೊಬ್ಬರನ್ನೇ ಹತ್ತಿರ ಕರೆದಳು. ಸಿಕ್ಕಿದವರ ಕೈಗೆ ಸಿಕ್ಕಿದ್ದು ಕೊಟ್ಟು ಕೈ ತೊಳೆದುಕೊಳ್ಳಲಿಲ್ಲ, ಅದನ್ನೇ ನಾನು ಇವತ್ತಿಗೂ ಅರಗಿಸಿಕೊಳ್ಳಲಾರೆ. ಮಗುವಿನ ಮುಖ ನೋಡುತ್ತಿದ್ದಳು, ಪುಸ್ತಕ ನೋಡುತ್ತಿದ್ದಳು, ಬದಲಾಯಿಸುತ್ತಿದ್ದಳು. ಅಂಗಡಿಯಲ್ಲಿ ಬಳೆ ತೊಡಿಸುವವರು ಕೈಯ ಅಳತೆ ನೋಡುವ ಹಾಗೆ.

"ಇವ್ನು ನಾಯಿ ಕಂಡ್ರೆ ಓಡ್ತಾನೆ. ಇವ್ನಿಗೆ ನಾಯಿಮರಿ ಪುಸ್ತಕ. ಪುಸ್ತಕದ ನಾಯಿ ಬೊಗಳಲ್ಲ, ಅದ್ರ ಜೊತೆ ಪಳಗ್ಲಿ. ನಿಂಗೆ ಅಕ್ಷರ ಹತ್ತೈತಲ್ಲೇನೇ? ತಗ, ಕಪ್ಪೆದು. ಒಂದೊಂದೇ ಸಾಲು ಐತೆ, ಯಾರನ್ನೂ ಕೇಳ್ಬ್ಯಾಡ, ನೀನೇ ಓದ್ಕಾ. ನಿಂಗೆ ಆನೆ ಕಣೋ, ಎಲ್ರನ್ನೂ ಹೊಡೀತೀಯ, ಆನೆ ನೋಡು ಅಷ್ಟು ದೊಡ್ಡದಾದ್ರೂ ಹೆಂಗೆ ಸುಮ್ನೆ ನಿಂತೈತೆ."

ಎಮ್ಮೆ ಪುಸ್ತಕ ಅವಳ ಮಂಡಿಯ ಕೆಳಗಿತ್ತು. ನಾನು ಅದರ ಮೇಲೆಯೇ ಕಣ್ಣಿಟ್ಟು ಹೊಸ್ತಿಲಲ್ಲಿ ನಿಂತಿದ್ದೆ.

"ಅವ್ವ, ಎಮ್ಮೆ ಪುಸ್ತಕ ನಂಗಿರ್ಲಿ."

"ನಿಂಗ್ಯಾಕೆ? ನೀನು ದೊಡ್ಡ ಪುಸ್ತಕ ಓದೋಳು."

"ಓದಕ್ಕಲ್ಲ ಅವ್ವ. ಇಟ್ಕಳಾಕೆ."

"ಇಟ್ಕಳಾಕೆ ಯಾರೂ ಪುಸ್ತಕ ಮಾಡಲ್ಲ ಕಣೇ ಭಾಗ್ಯ."

ಎದುರು ಮನೆಯ ಸರೋಜಕ್ಕ ಆಗ ಮಗಳನ್ನು ಸೊಂಟದ ಮೇಲೆ ಇಟ್ಟುಕೊಂಡು ಬಂದರು. ಅವರ ಗಂಡ ಲೈನ್‌ಮನ್. ಮಗಳು ಪವಿತ್ರ ಗಿರಿಯ ಓರಗೆಯವಳು, ಇನ್ನೂ ಒಂದು ಮಾತೂ ಆಡಿರಲಿಲ್ಲ. ಬೇಕಾದ್ದಕ್ಕೆಲ್ಲ ಬೆರಳು ತೋರಿಸುತ್ತಿದ್ದಳು. ಮೂಗಿಯಾಗುತ್ತಾಳೆ ಎಂದು ಬೀದಿಯವರು ಅವರ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಅವ್ವ ಮಂಡಿ ಎತ್ತಿ ಎಮ್ಮೆ ಪುಸ್ತಕ ತೆಗೆದಳು. ಮೂಲೆಯ ಹಲ್ಲಿನ ಗುರುತಿನ ಮೇಲೆ ಒಂದು ಸಲ ಹೆಬ್ಬೆರಳು ಆಡಿಸಿದಳು. ಅಷ್ಟೇ.

"ಇದು ಇವ್ಳಿಗೆ ಕಣಕ್ಕ. ಒಂದೇ ಸಾಲು ತಿರುಗಿ ತಿರುಗಿ ಬರುತ್ತೆ. ನೀನು ಎಲ್ಲಾ ಹೇಳ್ಬ್ಯಾಡ, ಕಡೇದು ಅವ್ಳಿಗೆ ಬಿಡು. ಇವತ್ತಲ್ಲ ನಾಳೆ ಹೇಳ್ತಾಳೆ. ಇದೇನು ಅದೇನು ಅಂತ ಕೇಳಿ ಕೇಳಿ ಹೆದರಿಸ್ಬ್ಯಾಡ."

ಸರೋಜಕ್ಕ ತೆಗೆದುಕೊಳ್ಳಲು ಹಿಂದೆ ಮುಂದೆ ನೋಡಿದರು. ಸತ್ತ ಮಗುವಿನ ಪುಸ್ತಕ. ಆಮೇಲೆ ಕಣ್ಣು ಒರೆಸಿಕೊಂಡು ತೆಗೆದುಕೊಂಡರು. ಎಲ್ಲರೂ ಅವರ ಹಾಗಿರಲಿಲ್ಲ. ಮರುದಿನ ಬೆಳಗ್ಗೆ ನಾಯಿಮರಿ ಪುಸ್ತಕ ನಮ್ಮ ಜಗುಲಿಯ ಮೇಲೆ ಬಿದ್ದಿತ್ತು, ಯಾರೋ ಬಾಗಿಲು ತೆಗೆಯುವ ಮೊದಲೇ ಇಟ್ಟು ಹೋಗಿದ್ದರು. ಅದನ್ನಾದರೂ ಎತ್ತಿಕೊಳ್ಳೋಣ ಎಂದು ನಾನು ಓಡಿದೆ. ನನಗಿಂತ ಮೊದಲು ಅಪ್ಪ ಬಗ್ಗಿದ. ಬಸ್ಸಿಗೆ ಒಯ್ದು ಯಾವುದೋ ಸೀಟಿನ ಮೇಲೆ ಬಿಟ್ಟು ಬಂದನಂತೆ.

ಮಳೆಗಾಲ ಮುಗಿಯುವ ಹೊತ್ತಿಗೆ ಪವಿತ್ರ ಮಾತಾಡಿದಳು. ಸರೋಜಕ್ಕ ಅವಳನ್ನು ಎತ್ತಿಕೊಂಡು ನಮ್ಮ ಅಡುಗೆಮನೆಯವರೆಗೂ ಓಡಿ ಬಂದರು. ಹುಡುಗಿ ನಮ್ಮೆಲ್ಲರ ಮುಖ ನೋಡಿ, "ಹೋತು" ಎಂದಳು. ಅವ್ವ ಒಲೆಯ ಕಡೆ ತಿರುಗಿಕೊಂಡಳು. ಸರೋಜಕ್ಕನ ಸಂತೋಷಕ್ಕೆ ನಾನು ನಗಲಿಲ್ಲ. ಒಬ್ಬಳ ಬಾಯಿಗೆ ಮಾತು ಬಂದ ಆ ವರ್ಷ ನಮ್ಮ ಮನೆಯಲ್ಲಿ ಮಾತು ನಿಂತುಹೋಗಿತ್ತು. ಅಪ್ಪ ಅಜ್ಜಿಯ ಜೊತೆ ಆಡುತ್ತಿರಲಿಲ್ಲ, ಅವ್ವ ಅಪ್ಪನ ಜೊತೆ ಆಡುತ್ತಿರಲಿಲ್ಲ. ಸಾರು ಬೇಕಾದರೆ ತಟ್ಟೆ ಸರಿಸುತ್ತಿದ್ದರು. ಕೆಲವು ತಿಂಗಳಲ್ಲಿ ಗುರುತಿನ ಚೀಟಿಗಳು ಬಂದವು. ಅವ್ವನ ಚೀಟಿಯಲ್ಲಿ ಅವಳ ಮುಖ ಓರೆಯಾಗಿತ್ತು, ಕಣ್ಣು ಪಕ್ಕಕ್ಕೆ. "ಇದೆಂಥ ಫೋಟೋನೇ, ಕಳ್ಳಿ ಹಂಗೆ" ಎಂದಳು ಅಜ್ಜಿ. ಅವ್ವ ಅದನ್ನು ಸೀರೆಗಳ ತಳದಲ್ಲಿಟ್ಟಳು. ಅವಳು ಯಾರನ್ನು ನೋಡುತ್ತಿದ್ದಳು ಎಂದು ಅಜ್ಜಿಗೆ ಗೊತ್ತಿತ್ತು. ಅವತ್ತು ಗಿರಿಯನ್ನು ಎತ್ತಿಕೊಂಡು ನಿಂತಿದ್ದವಳು ಅಜ್ಜಿಯೇ.

ಮರುವರ್ಷ ಸರೋಜಕ್ಕನ ಗಂಡನಿಗೆ ಹಿರಿಯೂರಿಗೆ ವರ್ಗವಾಯಿತು. ಲಾರಿಗೆ ಸಾಮಾನು ಹೇರುವಾಗ ಎಮ್ಮೆ ಪುಸ್ತಕ ಪವಿತ್ರಳ ಕಂಕುಳಲ್ಲಿತ್ತು.

ನಾನು ಹತ್ತನೆಯ ತರಗತಿ ಮುಗಿಸಿ, ಒಂದೆರಡು ವರ್ಷ ಮನೆಯಲ್ಲಿದ್ದು, ಮುಂದೆ ಹೊಳಲ್ಕೆರೆಯ ಹತ್ತಿರದ ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆಯಾದೆ. ತಾಯಂದಿರು ನನ್ನನ್ನು ಟೀಚರ್ ಎನ್ನುತ್ತಾರೆ. ಊರಿಗೆ ಹೋದಾಗ, ಸಂತೆಗೆ ಹೋದಾಗ ಮಗುವಿಗೆ ಯಾವ ಪ್ರಾಣಿ ಪುಸ್ತಕ ತರಲಿ ಎಂದು ಕೇಳುತ್ತಾರೆ. ನನ್ನದೆಂದು ನಾನು ಹೇಳುವುದೆಲ್ಲ ಅವ್ವ ಒಲೆಯ ಮುಂದೆ, ಜಗುಲಿಯ ಮೇಲೆ ಹೇಳಿದ್ದೇ. ಮೊದಲು ಬಾಗಿಲ ಮುಂದೆ ಕಾಣುವ ಪ್ರಾಣಿ ಇರಲಿ, ಸಿಂಹ ಜಿರಾಫೆ ಎಲ್ಲಿಗೂ ಓಡಿಹೋಗುವುದಿಲ್ಲ. ಕಾಲು ಬಾಲ ಪೂರ್ತಿ ಕಾಣಲಿ. ಕೊನೆಯಲ್ಲಿ ನೀತಿ ಬರೆದಿದ್ದರೆ ಬೇಡ, ಕೋಳಿ ನೋಡಿ ಮಗು ಕಲಿಯಬೇಕಾದದ್ದು ಕೋಳಿಯನ್ನು ಮಾತ್ರ. ಓದಲು ಹತ್ತಿದ ಮಗುವಿಗೆ ಸಾಲು ಚಿಕ್ಕದಿರಲಿ, ಅದೇ ಸಾಲು ಮತ್ತೆ ಮತ್ತೆ ಬರಲಿ. ಒಂದೇ ಒಂದು ಮಾತು ಅವ್ವ ಹೇಳಿದ್ದಲ್ಲ, ನಾನೇ ಸೇರಿಸಿದ್ದು. ರಟ್ಟಿನ ಪುಸ್ತಕವನ್ನೇ ತನ್ನಿ, ಮಗು ಕಚ್ಚಿದರೆ ಕಚ್ಚಲಿ, ಹಾಳಾಯಿತೆಂದು ಎಸೆಯಬೇಡಿ. ಏಕೆ ಎಂದು ಯಾರೂ ಕೇಳಿಲ್ಲ.

ತರಬೇತಿಗೆ ಹಿರಿಯೂರಿಗೆ ಹೋಗಬೇಕೆಂದು ಆದೇಶ ಬಂದಾಗ ಅವ್ವನಿಗೆ ಹೇಳಿದೆ. ಅಷ್ಟು ಹೊತ್ತಿಗೆ ಅಜ್ಜಿ ಹೋಗಿದ್ದಳು, ಅಪ್ಪ ಕೆಲಸ ಬಿಟ್ಟು ಜಗುಲಿಯ ಮೇಲೆ ಕೂರುವವನಾಗಿದ್ದ.

"ಸರೋಜಕ್ಕನ ಮನೆ ಹುಡುಕ್ತೀನಿ. ಆ ಪುಸ್ತಕ ಕೇಳಿ ತರ್ತೀನಿ. ಅಜ್ಜಿ ಮಾತು ಕಟ್ಕಂಡು ನೀನು ಅದನ್ನ ಕೊಡಬಾರದಿತ್ತು ಅವ್ವ."

ಅವ್ವ ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಟ್ಟಳು.

"ನಿಮ್ಮಜ್ಜಿ ಹೇಳಿದ್ಲು ಅಂತ ಕೊಟ್ಟೆ ಅನ್ಕಂಡಿದೀಯಾ? ಅವ್ಳು ಇಟ್ಕಾ ಅಂದಿದ್ರೂ ಕೊಡ್ತಿದ್ದೆ. ಆ ಹಲ್ಲಿನ ಗುರುತು ಮನೇಲಿಟ್ಕಂಡು ನಾನು ಹೆಂಗೆ ಒಲೆ ಹಚ್ಲಿ? ನಿಮಗೆಲ್ಲಾ ಮುದ್ದೆ ಹೆಂಗೆ ಕಟ್ಲಿ?"

"ನಂಗೆ ಬೇಕಿತ್ತಲ್ಲ ಅವ್ವ."

"ನಿಂಗೆ ಬೇಕಿತ್ತು. ನಂಗೆ ಬದುಕಬೇಕಿತ್ತು."

ಅಷ್ಟು ವರ್ಷ ನಾನು ಅಜ್ಜಿಯ ಮೇಲೆ ಹೊರಿಸಿದ್ದ ಸಿಟ್ಟು ಅವತ್ತು ಇಳಿಸಲು ಜಾಗವಿಲ್ಲದೆ ನನ್ನಲ್ಲೇ ಉಳಿಯಿತು.

ಹಿರಿಯೂರಿನಲ್ಲಿ ಲೈನ್‌ಮನ್ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಸರೋಜಕ್ಕ ದಪ್ಪಗಾಗಿದ್ದರು. ನನ್ನನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಅಯ್ಯೋ, ಹೊಳಲ್ಕೆರೆ ಭಾಗ್ಯ ಅಲ್ಲೇನೇ? ಬಾ ಬಾ, ಕುಂತ್ಕ. ಪವಿತ್ರ, ಲೇ ಪವಿತ್ರ, ನೋಡು ಯಾರು ಬಂದವ್ರೆ. ಬಾಯಿಗೆ ಬೀಗ ಹಾಕ್ಕಂಡು ಹುಟ್ಟಿದ್ಲಲ್ಲ ಭಾಗ್ಯ, ಈಗ ನೋಡು, ಕರೆಂಟು ಹೋದ್ರೂ ಇವ್ಳ ಬಾಯಿ ಹೋಗಲ್ಲ."

ಪವಿತ್ರ ಹೈಸ್ಕೂಲಿನ ಹುಡುಗಿ, ನಿಜಕ್ಕೂ ಬಿಡುವಿಲ್ಲದ ಬಾಯಿ. ನಾನು ಕಾಫಿ ಕುಡಿಯುವ ಮೊದಲೇ ಎಮ್ಮೆ ಪುಸ್ತಕ ಕೇಳಿದೆ. ಅವಳ ಮುಖ ಅರಳಿತು.

"ಅದಾ ಅಕ್ಕ? ಐತಲ್ಲ! ತಡೀರಿ."

ಅವಳು ಬೀರುವಿನ ಮೇಲೆ ಕೈ ಹಾಕುವಾಗ ನಾನು ಎದ್ದು ನಿಂತೆ. ಅವಳು ತೆಗೆದದ್ದು ಪುಸ್ತಕವಲ್ಲ, ಸುತ್ತಿಟ್ಟ ಒಂದು ಹಳೆಯ ಚಾರ್ಟು. ನೆಲದ ಮೇಲೆ ಬಿಡಿಸಿ ನಾಲ್ಕು ಮೂಲೆಗೂ ಲೋಟ ಇಟ್ಟಳು. ಮೇಲೆ ದಪ್ಪಕ್ಷರದಲ್ಲಿ 'ಸಾಕು ಪ್ರಾಣಿಗಳು'. ಕೆಳಗೆ ಎಮ್ಮೆ, ಕೋಳಿ, ನಾಯಿ. ನನ್ನ ಎಮ್ಮೆ. ಕೊಂಬಿನ ಸುತ್ತ, ಬಾಲದ ಸುತ್ತ ಒಂದು ಕೂದಲೆಳೆಯಷ್ಟೂ ತಪ್ಪದೆ ಕೊಯ್ದು ಅಂಟಿಸಿದ್ದರು.

"ನಾಕನೇ ಕ್ಲಾಸಲ್ಲಿ ಮಾಡಿದ್ದು ಅಕ್ಕ. ನಂದೇ ಫಸ್ಟು. ರಟ್ಟು ದಪ್ಪ ಅಲ್ವಾ, ಕತ್ತರಿ ಹೋಗ್ಲಿಲ್ಲ, ನಮ್ಮಪ್ಪ ಬ್ಲೇಡಲ್ಲಿ ಕೊಯ್ದು ಕೊಟ್ರು."

"ಎಮ್ಮೆ ಬಾಯಿ ಹತ್ರ ಏನೋ ಸಾರಿನ ಕಲೆ ಆಗಿತ್ತು" ಎಂದರು ಸರೋಜಕ್ಕ. "ಒದ್ದೆ ಬಟ್ಟೇಲಿ ಎಷ್ಟು ಉಜ್ಜಿದ್ಮೇಲೆ ಹೋಯ್ತು ಗೊತ್ತಾ."

"ಕತ್ತೆ?" ಎಂದೆ. ಬೇರೆ ಏನು ಕೇಳಬೇಕೆಂದು ತಿಳಿಯಲಿಲ್ಲ.

"ಅದು ಎಮ್ಮೆ ಹಿಂದ್ಗಡೆ ಹಾಳೇಲಿತ್ತಲ್ಲ ಅಕ್ಕ. ಅಂಟಿಸಿದ್ಮೇಲೆ ಒಳಗೋಯ್ತು."

"ಮಿಕ್ಕಿದ್ದು? ಸುತ್ತಲಿನ ರಟ್ಟು?"

"ಮಿಕ್ಕಿದ್ದು ಏನಿತ್ತು? ಬರೀ ಅಂಚು. ಮೂಲೆ ಬೇರೆ ಯಾವ್ದೋ ಇಲಿ ಕಡಿದಂಗಾಗಿತ್ತು. ಒಲೆಗೆ ಹಾಕಿದ್ವೋ ಏನೋ."

ಅವರು ತಪ್ಪು ಮಾಡಿರಲಿಲ್ಲ. ಮಗುವಿಗೆ ಬೇಕಾದದ್ದು ಪ್ರಾಣಿಗಳು, ಅವನ್ನು ಅವರು ಚೆನ್ನಾಗಿಯೇ ಉಳಿಸಿದ್ದರು. ಚಾರ್ಟು ಒಯ್ಯಿ ಎಂದು ಪವಿತ್ರ ಒತ್ತಾಯ ಮಾಡಿದಳು, ಬೇಡ ಎಂದೆ. ಊರಿಗೆ ಬಂದಾಗ ಅವ್ವ ಪುಸ್ತಕದ ಮಾತೇ ಎತ್ತಲಿಲ್ಲ.

"ಆ ಹುಡುಗಿ ಮಾತಾಡ್ತಾಳೇನೇ?"

"ಆಡ್ತಾಳೆ. ನಿಲ್ಸಾದೇ ಇಲ್ಲ."

"ಹಂಗಾದ್ರೆ ಸರಿಯಾದ್ ಕೂಸಿಗೇ ಕೊಟ್ಟಿದೀನಿ ಬಿಡು."

ಮೊರ ಎತ್ತಿಕೊಂಡು ಒಳಗೆ ಹೋದಳು. ಅವಳಿಗೆ ನಾನು ಚಾರ್ಟಿನ ವಿಷಯ ಹೇಳಲಿಲ್ಲ, ಕೊನೆಯವರೆಗೂ. ಹೋದ ವರ್ಷ ಅವಳು ತೀರಿಕೊಂಡ ಮೇಲೆ ಟ್ರಂಕು ಬಿಚ್ಚಿದೆ. ಏನಾದರೂ ಬಚ್ಚಿಟ್ಟಿರಬಹುದು, ಒಂದು ರಿಬ್ಬನ್ನಾದರೂ ಇರಬಹುದು ಎಂದು ಸೀರೆಗಳನ್ನು ಒಂದೊಂದಾಗಿ ಕೊಡವಿ ನೋಡಿದೆ. ತಳದಲ್ಲಿ ಗುರುತಿನ ಚೀಟಿ ಮಾತ್ರ ಇತ್ತು. ಹಸಿರು ಸೀರೆ, ಓರೆ ಮುಖ. ಅವಳು ನೋಡುತ್ತಿರುವ ಕಡೆಗೆ ಚೀಟಿಯ ಅಂಚು ಇದೆ.

ನನ್ನ ತಮ್ಮನ ಫೋಟೋ ನಮ್ಮಲ್ಲಿಲ್ಲ. ಅವನ ಕೂದಲಿಲ್ಲ. ಅವನು ಕಚ್ಚಿದ ಮೂಲೆ ಇಲ್ಲ.